ರಘು ಮಾವನ ಭಾನುವಾರದ ಫಾರ್ವರ್ಡ್

ಗುಂಪು: ದೊಡ್ಡಮನೆ ಬಳಗ

ರಘು: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ನಿಮ್ಮ ಕುತ್ತಿಗೆ ಕಪ್ಪಾಗಿದೆಯೇ? ಅದು ಕೊಳೆ ಅಲ್ಲ, ಕ್ಯಾನ್ಸರ್! ಕುತ್ತಿಗೆ ಕಪ್ಪು = ಹೊಟ್ಟೆ ಕ್ಯಾನ್ಸರ್. ಮೈ ತುರಿಕೆ = ರಕ್ತದ ಕ್ಯಾನ್ಸರ್. ಮುಖದಲ್ಲಿ ಹೊಸ ನರೂಲಿ = ಕರುಳಿನ ಕ್ಯಾನ್ಸರ್. ಆಸ್ಪತ್ರೆಯವರು ಇದನ್ನು ನಿಮಗೆ ಹೇಳುವುದಿಲ್ಲ. ನಿಂಬೆರಸ, ಅಡುಗೆ ಸೋಡಾ ಕಲಸಿ 21 ದಿನ ಹಚ್ಚಿ, ವಿಷ ಹೊರಗೆ ಬರುತ್ತದೆ. 10 ಜನರಿಗೆ ಕಳಿಸಿ, ಒಂದು ಜೀವ ಉಳಿಸಿ 🙏🙏

ಸುಧಾ: ಅಣ್ಣ, ಇದು ನಿಜಾನಾ?? ಕಾವ್ಯಾಳ ಕುತ್ತಿಗೆ ಪಿಯುಸಿಯಿಂದ ಹೀಗೇ ಇದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಕಂಕುಳಲ್ಲೂ ಇದೆ. ಫೋಟೊ ಹಾಕಿದ್ದೇನೆ ನೋಡು.

ಕಾವ್ಯ: ಅಮ್ಮಾ!!! ಫೋಟೊ ಡಿಲೀಟ್ ಮಾಡು ಮೊದಲು

ಜಯಾ: ಅಯ್ಯೋ ಮಗೂಗೆ ಏನಾಯಿತು?

ರಘು: ನಾಳೆಯೇ ತೋರಿಸು ಸುಧಾ. ತಡ ಮಾಡಬೇಡ. ಇಂಥ ವಿಷಯದಲ್ಲಿ ಉದಾಸೀನ ಸಲ್ಲದು.

ಮಂಜು: ಅಪ್ಪ, 'ಆಸ್ಪತ್ರೆಯವರು ಹೇಳುವುದಿಲ್ಲ' ಅಂತ ಬರೆದಿರುವುದನ್ನು ಹಾಕಿ ಅದರ ಕೆಳಗೆ ನೀವೇ ಆಸ್ಪತ್ರೆಗೆ ಹೋಗು ಅನ್ನುತ್ತಿದ್ದೀರಲ್ಲ

ರಘು: ನಿನಗೆ ಎಲ್ಲವೂ ತಮಾಷೆ.

ಸುಧಾ: ಇಲ್ಲಿ ಲ್ಯಾಬಿನವರದು ಒಂದು ಪ್ಯಾಕೇಜ್ ಇದೆ, ಎಲ್ಲಾ ಕ್ಯಾನ್ಸರ್‌ಗೂ ಒಂದೇ ರಕ್ತ ಪರೀಕ್ಷೆ ಅಂತೆ. ಬುಕ್ ಮಾಡಿಬಿಡಲಾ?

ಕಾವ್ಯ: ನನ್ನ ಕುತ್ತಿಗೆ ಏನು ಈ ಗುಂಪಿನ ಆಸ್ತಿನಾ. ಕಾಲೇಜಲ್ಲಿ ಕೇಳಿದ್ದು ಸಾಲದು ಅಂತ ಇಲ್ಲಿ ಬೇರೆ

ಮಂಜು: ವೀಣಕ್ಕಾ ಎಲ್ಲಿದ್ದೀಯ, ಚರ್ಮದ ಡಾಕ್ಟರ್ ನೀನೇ ಅಲ್ವಾ, ಬೇಗ ಬಾ. ಸುಧತ್ತೆ ದುಡ್ಡು ಕಟ್ಟುವ ಮುಂಚೆ ಬಾ.

ವೀಣಾ: ಈಗ ನೋಡಿದೆ. ಚಿಕ್ಕಮ್ಮ, ಪ್ಯಾಕೇಜ್ ಬುಕ್ ಮಾಡಬೇಡಿ. ಫೋಟೊ ತೆಗೆಯಿರಿ. ಸೋಡಾ, ನಿಂಬೆಹಣ್ಣು ಹಚ್ಚಲೇಬೇಡಿ, ಸುಟ್ಟು ಇನ್ನೂ ಕಪ್ಪಾಗುತ್ತದೆ. ಉಜ್ಜುವುದೂ ಬೇಡ, ಅದು ಕೊಳೆ ಅಲ್ಲ, ಆ ಒಂದು ಮಾತು ಫಾರ್ವರ್ಡ್‌ನಲ್ಲಿ ಸರಿಯಾಗಿದೆ.

ವೀಣಾ: ಕಾವ್ಯ, ನಿನಗೆ ಬೇರೆಯಾಗಿ ಮೆಸೇಜ್ ಮಾಡುತ್ತೇನೆ. ಇಲ್ಲಿ ಎಲ್ಲರಿಗೂ ಬೇಕಾದಷ್ಟು ಮಾತ್ರ ಬರೆಯಲಾ?

ಕಾವ್ಯ: ಬರಿ ಅಕ್ಕ. ಫೋಟೊ ಅಂತೂ ಎಲ್ಲರೂ ನೋಡಿ ಆಯಿತು

ವೀಣಾ: ಇದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಅನ್ನುತ್ತಾರೆ. ಚರ್ಮ ದಪ್ಪವಾಗಿ, ಕಪ್ಪಾಗಿ, ಮುಟ್ಟಿದರೆ ಮಖಮಲ್ ಹಾಗೆ ಇರುತ್ತದೆ. ನನ್ನ ಓಪಿಡಿಯಲ್ಲಿ ದಿನಾ ನೋಡುತ್ತೇನೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ದೇಹ ಜಾಸ್ತಿ ಜಾಸ್ತಿ ಇನ್ಸುಲಿನ್ ತಯಾರಿಸುತ್ತದೆ, ಆ ಹೆಚ್ಚಿನ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಬೆಳೆಯಲು ತಳ್ಳುತ್ತದೆ. ತೂಕ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು), ಮನೆತನದ ಸಕ್ಕರೆ ಕಾಯಿಲೆ, ಇವೇ ಕಾರಣ ಬಹುತೇಕ ಎಲ್ಲರಲ್ಲೂ. ಕಾವ್ಯಾಗೆ ಬೇಕಿರುವುದು ಸಕ್ಕರೆ ಪರೀಕ್ಷೆ, ಥೈರಾಯ್ಡ್, ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ವಿಚಾರಣೆ. ಕ್ಯಾನ್ಸರ್ ಪರೀಕ್ಷೆ ಅಲ್ಲ.

ರಘು: ಅದನ್ನೇ ನಾನೂ ಹೇಳುವುದು, ಚಿಪ್ಸು ಪಿಜ್ಜಾ ಬಿಡು ಅಂತ.

ವೀಣಾ: ಮಾವ, ಹೋದ ವರ್ಷ ಗೃಹಪ್ರವೇಶದಲ್ಲಿ ನೀವು ಶಲ್ಯ ಹೊದ್ದು ಪೂಜೆಗೆ ಕೂತಾಗ ನಾನು ಹಿಂದೆಯೇ ಇದ್ದೆ. ನಿಮ್ಮ ಕುತ್ತಿಗೆಯೂ ಹೀಗೇ ಇದೆ, ಸಣ್ಣ ಸಣ್ಣ ನರೂಲಿ ಸಮೇತ. ಸಕ್ಕರೆ ಇರುವವರಲ್ಲಿ ಅದೂ ಮಾಮೂಲಿ. ಇದು ನಮ್ಮ ಮನೆತನದ ಕುತ್ತಿಗೆ, ಅವಳೊಬ್ಬಳನ್ನು ಬೈಯಬೇಡಿ.

ಕಾವ್ಯ: 😂😂😂

ಮಂಜು: ಅಪ್ಪ ಆಫ್‌ಲೈನ್

ರಘು: ಆಫ್‌ಲೈನ್ ಏನಿಲ್ಲ. ವೀಣಾ, ನೇರವಾಗಿ ಕೇಳುತ್ತೇನೆ. ಇದು ಕ್ಯಾನ್ಸರ್ ಲಕ್ಷಣ ಆಗಿರಲು ಸಾಧ್ಯವೋ ಇಲ್ಲವೋ? ಗೂಗಲ್‌ನಲ್ಲಿ ನಾನೂ ನೋಡಿದೆ, ಇದೆ ಅಂತಲೇ ಬರೆದಿದ್ದಾರೆ.

ವೀಣಾ: ಇದೆ. ಅಪರೂಪ, ಆದರೆ ಇದೆ. ಕೆಲವು ಗೆಡ್ಡೆಗಳು, ಮುಖ್ಯವಾಗಿ ಜಠರದ ಕ್ಯಾನ್ಸರ್, ತಾವೇ ಬೆಳವಣಿಗೆಯ ರಾಸಾಯನಿಕ ಬಿಡುತ್ತವೆ. ಇನ್ಸುಲಿನ್ ಮಾಡುವ ಕೆಲಸವನ್ನೇ ಅದೂ ಚರ್ಮದಲ್ಲಿ ಮಾಡುತ್ತದೆ. ಅದಕ್ಕೇ ಎರಡೂ ನೋಡಲು ಒಂದೇ ಥರ. ಬಣ್ಣ ನೋಡಿ ಬೇರೆ ಮಾಡಲು ಆಗುವುದಿಲ್ಲ, ಕಥೆ ಕೇಳಿ ಬೇರೆ ಮಾಡಬೇಕು. 40 ದಾಟಿದವರು, ದಪ್ಪ ಇಲ್ಲದವರು, ಸಕ್ಕರೆ ಇಲ್ಲದವರು, ನಿನ್ನೆ ಮೊನ್ನೆ ತನಕ ಚರ್ಮ ಚೆನ್ನಾಗಿತ್ತು, ಕೆಲವೇ ವಾರ ತಿಂಗಳಲ್ಲಿ ಕುತ್ತಿಗೆ ಕಂಕುಳು ಕಪ್ಪಾಯಿತು, ತುರಿಕೆ, ತುಟಿಯ ಮೇಲೆ ಬಾಯೊಳಗೆ ಕೂಡ ಒರಟು, ಜೊತೆಗೆ ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ. ಅಂಥವರನ್ನು ನಾನು ಅದೇ ವಾರ ಎಂಡೋಸ್ಕೋಪಿಗೆ ಕಳಿಸುತ್ತೇನೆ. ಅಂಗೈಯೂ ಮಡಿಕೆ ಮಡಿಕೆಯಾಗಿ ಕುರಿಯ ಬೋಟಿ ಥರ ಆಗಿದ್ದರೆ ಇನ್ನೂ ಅವಸರ, ಆ ಅಂಗೈ ಇದ್ದವರಲ್ಲಿ ಬಹುಪಾಲು ಜನರಿಗೆ ಒಳಗೆ ಕ್ಯಾನ್ಸರ್ ಸಿಗುತ್ತದೆ, ಜಠರದ್ದು ಇಲ್ಲವೇ ಶ್ವಾಸಕೋಶದ್ದು.

ಸುಧಾ: ಹಾಗಾದರೆ ನಮ್ಮ ಮಗುವಿಗೆ ಏನೂ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಆ ರಕ್ತ ಪರೀಕ್ಷೆ ಮಾಡಿಸಿದರೆ ತಪ್ಪೇನು? ದುಡ್ಡು ಹೋದರೆ ಹೋಗಲಿ.

ವೀಣಾ: ದುಡ್ಡಿಗಿಂತ ನೆಮ್ಮದಿ ಹೋಗುತ್ತದೆ ಚಿಕ್ಕಮ್ಮ. ಆ ಪ್ಯಾಕೇಜಿನಲ್ಲಿ ಸಿಎ 125 ಅಂತ ಒಂದು ಇರುತ್ತದೆ, ಅಂಡಾಶಯದ ಕ್ಯಾನ್ಸರ್‌ಗೆ ಅಂತ ನೋಡುವ ರಕ್ತದ ಅಂಶ. ಮುಟ್ಟಿನ ದಿನಗಳಲ್ಲಿ ಕೂಡ ಅದು ಏರಬಹುದು. ಏರಿದೆ ಅಂತ ಕೆಂಪಕ್ಷರದಲ್ಲಿ ರಿಪೋರ್ಟ್ ಬರುತ್ತದೆ, ಆಮೇಲೆ ಸ್ಕ್ಯಾನ್, ಆಮೇಲೆ ಇನ್ನೊಂದು ಸ್ಕ್ಯಾನ್, ಹುಡುಗಿ ಪರೀಕ್ಷೆಗೆ ಓದುವುದು ಬಿಟ್ಟು ಅಳುತ್ತಾ ಕೂರುತ್ತಾಳೆ. ಕ್ಯಾನ್ಸರ್ ಇದ್ದೂ ಅದು ನಾರ್ಮಲ್ ಬರುವುದೂ ಉಂಟು.

ಜಯಾ: ವೀಣಾ, ನನಗೂ ಮೈಯೆಲ್ಲ ತುರಿಕೆ ಕಣೇ. ಬೆನ್ನ ಮೇಲೆ ನರೂಲಿ ಬೇರೆ.

ವೀಣಾ: ಅಮ್ಮ, ನಿನ್ನ ನರೂಲಿಗಳು ನನ್ನ ಮದುವೆಯ ಆಲ್ಬಮ್‌ನಲ್ಲೂ ಇವೆ. ವಯಸ್ಸಾದವರಲ್ಲಿ ಅಂಟಿಸಿದ ಹಾಗೆ ಕಂದು ಕಪ್ಪು ಗಂಟು ಬರುವುದು ಸಹಜ. ದಿಢೀರನೆ ಕೆಲವೇ ತಿಂಗಳಲ್ಲಿ ರಾಶಿ ರಾಶಿ ಎದ್ದು ತುರಿಸಿದರೆ ಮಾತ್ರ ಒಳಗಿನ ಕ್ಯಾನ್ಸರ್ ಬಗ್ಗೆ ಯೋಚಿಸುತ್ತಾರೆ. ಅದಕ್ಕೆ ಲೆಸರ್–ಟ್ರೆಲಾ ಲಕ್ಷಣ ಅಂತ ಇಬ್ಬರು ಸರ್ಜನ್‌ಗಳ ಹೆಸರಿದೆ, ಅದನ್ನು ಎಷ್ಟು ನಂಬಬೇಕು ಅಂತ ಡಾಕ್ಟರುಗಳಲ್ಲೇ ಜಗಳ ಇದೆ. ಅವರಿಬ್ಬರೂ ನೋಡಿದ್ದು ಈ ನರೂಲಿಯನ್ನೇ ಅಲ್ಲ, ಕೆಂಪು ರಕ್ತದ ಚುಕ್ಕೆಗಳನ್ನು ಅಂತಲೂ ಹೇಳುತ್ತಾರೆ.

ವೀಣಾ: ತುರಿಕೆಗೆ, ಬಿಸಿಬಿಸಿ ನೀರು ಸುರಿದುಕೊಂಡು ಸೋಪು ಉಜ್ಜುವುದು ನಿಲ್ಲಿಸು, ಸ್ನಾನ ಆದ ತಕ್ಷಣ ಕೊಬ್ಬರಿ ಎಣ್ಣೆ ಹಚ್ಚು. ಅದಕ್ಕೂ ಕಡಿಮೆ ಆಗದೆ, ಚರ್ಮದ ಮೇಲೆ ಏನೂ ಕಾಣದೆ, ವಾರಗಟ್ಟಲೆ ರಾತ್ರಿ ನಿದ್ದೆ ಕೆಡಿಸುವ ತುರಿಕೆ ಆದರೆ ಆಗ ರಕ್ತ, ಲಿವರ್, ಕಿಡ್ನಿ ನೋಡಬೇಕು. ಕುತ್ತಿಗೆಯಲ್ಲಿ ಗಂಟು, ರಾತ್ರಿ ಬೆವರು, ಜ್ವರ ಜೊತೆಗಿದ್ದರೆ ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಯ ಕ್ಯಾನ್ಸರ್ ನೆನಪಿಗೆ ಬರಬೇಕು. ಕಣ್ಣು ಹಳದಿಯಾಗಿ, ನೋವಿಲ್ಲದೆ, ಮೈ ತುರಿಸಿದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆಯಾ ಅಂತ ನೋಡಬೇಕು. ಕಾಮಾಲೆ ಅಂತ ನಾಟಿ ಔಷಧಿ ಕುಡಿಸಿ ತಿಂಗಳು ಕಳೆಯುವುದು ಇಲ್ಲೇ.

ಮಂಜು: ನೋಡಿದ್ರಾ ಅಪ್ಪ. ಫಾರ್ವರ್ಡ್ ಪೂರ್ತಿ ಸುಳ್ಳು.

ರಘು: ಸುಳ್ಳು ಅಂತ ಅವಳು ಹೇಳಲಿಲ್ಲ, ನೀನು ಹೇಳಿದೆ. ನಾನು ಯಾಕೆ ಹಾಕಿದೆ ಅಂತ ಯಾರೂ ಕೇಳಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡಿದವರೊಬ್ಬರು, ಹೆಸರು ಬೇಡ. ಕಣ್ಣಿನ ರೆಪ್ಪೆ ಊದಿ ನೇರಳೆ ಬಣ್ಣಕ್ಕೆ ತಿರುಗಿತು. ಅಲರ್ಜಿ ಅಂದರು. ಹೇರ್ ಡೈ ಬದಲಿಸಿ ಅಂದರು. ಬೆರಳ ಗೆಣ್ಣಿನ ಮೇಲೆ ಕೆಂಪು ಗುಳ್ಳೆ ಬಂತು, ಅದಕ್ಕೊಂದು ಮುಲಾಮು. ಕೊನೆಗೆ ಮನುಷ್ಯನಿಗೆ ತಲೆ ಬಾಚಲು ಕೈ ಎತ್ತಲು ಆಗಲಿಲ್ಲ, ಮೆಟ್ಟಿಲು ಹತ್ತಲು ಆಗಲಿಲ್ಲ. ಅಷ್ಟು ದಿನ ಆದ ಮೇಲೆ ಒಬ್ಬರು ಎದೆಯ ಸ್ಕ್ಯಾನ್ ಮಾಡಿಸಿದರು, ಶ್ವಾಸಕೋಶದ ಕ್ಯಾನ್ಸರ್. ಅದಕ್ಕೇ ಚರ್ಮ, ಕ್ಯಾನ್ಸರ್ ಅಂತ ಕಂಡ ತಕ್ಷಣ ಕಳಿಸಿಬಿಟ್ಟೆ. ನಿಮಗೆ ಅದು ಸುಮ್ನೆ ಫಾರ್ವರ್ಡ್.

ಜಯಾ: ಪಾಪ. ನನಗೆ ಗೊತ್ತು ಅವರು. ಮದುವೆಗೆ ಬಂದಿದ್ದರು.

ವೀಣಾ: ಮಾವ, ನಿಮ್ಮ ಸ್ನೇಹಿತರಿಗೆ ಬಂದಿದ್ದು ಡರ್ಮಟೊಮಯೊಸೈಟಿಸ್. ಚರ್ಮ ಮತ್ತು ಸ್ನಾಯು ಎರಡನ್ನೂ ಹಿಡಿಯುವ ಕಾಯಿಲೆ. ನೀವು ಈಗ ಬರೆದ ನಾಲ್ಕು ಸಾಲು ಆ ಫಾರ್ವರ್ಡ್‌ಗಿಂತ ಎಷ್ಟೋ ಬೆಲೆಬಾಳುತ್ತದೆ, ನಿಜವಾಗಿ ಹೇಳುತ್ತಿದ್ದೇನೆ. ದೊಡ್ಡವರಲ್ಲಿ ಇದು ಬಂದ 100 ಜನರಲ್ಲಿ ಹೆಚ್ಚು ಕಡಿಮೆ 15ರಿಂದ 25 ಜನರಿಗೆ ಕ್ಯಾನ್ಸರ್ ಸಿಗುತ್ತದೆ. ಅಂಡಾಶಯ, ಶ್ವಾಸಕೋಶ, ಸ್ತನ, ಜಠರ, ಎಲ್ಲಿ ಬೇಕಾದರೂ. ಒಮ್ಮೆ ಸ್ಕ್ಯಾನ್ ಮಾಡಿ ಇಲ್ಲ ಅಂದರೆ ಮುಗಿಯಲಿಲ್ಲ, ಮೊದಲ ಮೂರು ವರ್ಷ ಮತ್ತೆ ಮತ್ತೆ ನೋಡಬೇಕು. ಮಕ್ಕಳಿಗೂ ಈ ಕಾಯಿಲೆ ಬರುತ್ತದೆ, ಅವರಲ್ಲಿ ಕ್ಯಾನ್ಸರ್ ನಂಟು ಇಲ್ಲ. ನಮ್ಮ ಮೈಬಣ್ಣದವರಲ್ಲಿ ರೆಪ್ಪೆಯ ನೇರಳೆ ಸರಿಯಾಗಿ ಕಾಣುವುದೂ ಇಲ್ಲ, ನಿದ್ದೆಗೆಟ್ಟ ಕಪ್ಪು ಅಂತ ಬಿಟ್ಟುಬಿಡುತ್ತಾರೆ. ಕೈ ಎತ್ತಲು ಆಗುತ್ತಾ, ಕೆಳಗೆ ಕೂತರೆ ಏಳಲು ಆಗುತ್ತಾ, ಈ ಎರಡು ಪ್ರಶ್ನೆ ಕೇಳಿದರೆ ಸಾಕು, ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ರಘು: ಹಾಗಾದರೆ ಇದನ್ನು ಸೇರಿಸಿ ನೀನೇ ಒಂದು ಸರಿಯಾದದ್ದು ಬರೆದುಕೊಡು. ಹಳೆಯದನ್ನು ತೆಗೆದು ಅದನ್ನು ಹಾಕುತ್ತೇನೆ. ಪೆನ್ಷನರ್ಸ್ ಗುಂಪಿನಲ್ಲಿ 200 ಜನ ಇದ್ದಾರೆ.

ಮಂಜು: ಹೊಕ್ಕುಳ ಗಂಟು ಸೇರಿಸಿ ಅಕ್ಕ. ಈಗ ತಾನೇ ಓದಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಿಸ್ಟರ್ ಮೇರಿ ಜೋಸೆಫ್ ಅಂತ ಸನ್ಯಾಸಿನಿ, ವಿಲಿಯಂ ಮೇಯೋ ಅವರಿಗೆ ಆಪರೇಷನ್‌ನಲ್ಲಿ ಸಹಾಯಕಿ. ಹೊಟ್ಟೆ ತೊಳೆದು ಸಿದ್ಧ ಮಾಡುವಾಗ ಹೊಕ್ಕುಳಲ್ಲಿ ಗಟ್ಟಿ ಗಂಟು ಸಿಕ್ಕವರಿಗೆ ಒಳಗೆ ಕ್ಯಾನ್ಸರ್ ಹರಡಿರುತ್ತದೆ ಅಂತ ಗಮನಿಸಿದ್ದು ಅವರಂತೆ. 1949ರಲ್ಲಿ ಇನ್ನೊಬ್ಬ ಸರ್ಜನ್ ಅದಕ್ಕೆ ಅವರ ಹೆಸರಿಟ್ಟರು. ಡಾಕ್ಟರುಗಳ ಹೆಸರಿನ ಲಕ್ಷಣಗಳ ಮಧ್ಯೆ ಇದೊಂದು ನರ್ಸ್ ಹೆಸರಿನದು!

ವೀಣಾ: ಹೌದು, ಸರಿ ಇದೆ. ಅದಕ್ಕೊಂದು ಸಾಲು ಸಾಕು, ಆ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತದೆ. ಬೇಗ ಹಿಡಿದರೆ ಪ್ರಯೋಜನ ಆಗುವುದನ್ನು ಮೊದಲು ಬರೆಯುತ್ತೇನೆ. ಅದು ಫಾರ್ವರ್ಡ್‌ನಲ್ಲಿ ಇಲ್ಲವೇ ಇಲ್ಲ: ಹೆಂಗಸರಲ್ಲಿ ಒಂದೇ ಕಡೆಯ ಮೊಲೆತೊಟ್ಟಿನ ಮೇಲೆ ಕಜ್ಜಿ ಥರ ಕೆಂಪಾಗಿ, ಹೊಟ್ಟು ಎದ್ದು, ಒಸರಿ, ವಾಸಿಯಾಗದೆ ಉಳಿದರೆ

ರಘು: ವೀಣಾ. ಇದು ಗಂಡಸರು, ಮಕ್ಕಳು ಎಲ್ಲಾ ಇರುವ ಗುಂಪು. ಆ ಸಾಲು ಬೇಡ. ಹೆಂಗಸರಿಗೆ ಬೇರೆ ಕಳಿಸು.

ಮಂಜು: ಅಪ್ಪ!!

ವೀಣಾ: ಮಾವ, ಪೂರ್ತಿ ಬರೆಯಲು ಬಿಡಿ. ಇದಕ್ಕೆ ಪ್ಯಾಜೆಟ್ ಕಾಯಿಲೆ ಅನ್ನುತ್ತಾರೆ. ಜೇಮ್ಸ್ ಪ್ಯಾಜೆಟ್ 1874ರಲ್ಲಿ ಸುಮಾರು 15 ಹೆಂಗಸರ ಬಗ್ಗೆ ಬರೆದರು, ತೊಟ್ಟಿನ ಮೇಲೆ ಕಜ್ಜಿ, ಎರಡು ವರ್ಷದೊಳಗೆ ಅವರೆಲ್ಲರಿಗೂ ಸ್ತನ ಕ್ಯಾನ್ಸರ್. ಆಗಲೇ ಗೊತ್ತಿದ್ದ ವಿಷಯ ಇದು. ಹಾಗಿದ್ದೂ ನನ್ನ ಹತ್ತಿರ ಬರುವವರು ತಿಂಗಳುಗಟ್ಟಲೆ ಮುಲಾಮು ಹಚ್ಚಿ ಬರುತ್ತಾರೆ. ಯಾಕೆ ಗೊತ್ತಾ? ಗಂಡನಿಗೆ ಹೇಳಲು ನಾಚಿಕೆ, ಡಾಕ್ಟರ್ ಗಂಡಸಾದರೆ ತೋರಿಸಲು ನಾಚಿಕೆ. ಮಗನನ್ನು ಮೆಡಿಕಲ್ ಶಾಪಿಗೆ ಕಳಿಸಿ 'ಕಜ್ಜಿಗೆ' ಅಂತ ಒಂದು ಟ್ಯೂಬ್ ತರಿಸುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ತುರಿಕೆ ಇಳಿಯುತ್ತದೆ, ವಾಸಿಯಾಯಿತು ಅಂದುಕೊಳ್ಳುತ್ತಾರೆ, ಮತ್ತೆ ಬರುತ್ತದೆ, ಮತ್ತೆ ಟ್ಯೂಬ್. ಬಹುಪಾಲು ಇಂಥವರ ಸ್ತನದೊಳಗೆ ಆಗಲೇ ಕ್ಯಾನ್ಸರ್ ಇರುತ್ತದೆ, ಕೈಗೆ ಗಂಟು ಸಿಗದೆಯೂ ಇರಬಹುದು. ಮಾಮೂಲಿ ಕಜ್ಜಿ ಸಾಮಾನ್ಯವಾಗಿ ಎರಡೂ ಕಡೆ, ಸುತ್ತಲಿನ ಕಪ್ಪು ಭಾಗದಲ್ಲಿ ಶುರು, ಮುಲಾಮಿಗೆ ಹೋಗುತ್ತದೆ. ಇದು ಒಂದೇ ಕಡೆ, ತೊಟ್ಟಿನಿಂದಲೇ ಶುರು. ಎರಡು ಮೂರು ವಾರದಲ್ಲಿ ಹೋಗದಿದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿ, ಮ್ಯಾಮೊಗ್ರಾಂ. ಅಪರೂಪಕ್ಕೆ ಗಂಡಸರಿಗೂ ಬರುತ್ತದೆ, ಆದ್ದರಿಂದ ಗಂಡಸರೂ ಓದಲಿ.

ರಘು: ವಿಷಯ ಸರಿ ಅಮ್ಮ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಪೆನ್ಷನರ್ಸ್ ಗುಂಪಿನಲ್ಲಿ ನಾನು ಇದನ್ನು ಹೇಗೆ ಹಾಕಲಿ? ನನ್ನ ಹೆಸರಿನಲ್ಲಿ ಹೋಗುತ್ತದೆ.

ಜಯಾ: ರಘು, ಆ ಗುಂಪಿನಲ್ಲಿ ದಿನಾ ಪೈಲ್ಸ್ ಬಗ್ಗೆ ಬರೆಯುತ್ತೀರಂತೆ, ನಿನ್ನ ಹೆಂಡತಿಯೇ ಹೇಳಿದಳು. ಅದಕ್ಕೆ ನಾಚಿಕೆ ಇಲ್ಲ, ಇದಕ್ಕೆ ಇದೆಯಾ?

ಮಂಜು: ಜಯತ್ತೆ 🔥

ರಘು: 'ಎದೆಯ ಭಾಗದಲ್ಲಿ ವಾಸಿಯಾಗದ ಕಜ್ಜಿ' ಅಂತ ಹಾಕಿದರೆ ಆಗದೇ?

ವೀಣಾ: ಆಗುವುದಿಲ್ಲ ಮಾವ. ಎದೆ ಅಂದರೆ ಬೆವರುಸಾಲೆ ಆದವರೆಲ್ಲ ಫೋನ್ ಮಾಡುತ್ತಾರೆ, ನಿಜವಾಗಿ ಮಾಡಬೇಕಾದವರು ಇದು ನನಗಲ್ಲ ಅಂದುಕೊಳ್ಳುತ್ತಾರೆ. ಮೊಲೆತೊಟ್ಟು ಅಂತಲೇ ಇರಲಿ, ಒಂದೇ ಕಡೆ ಅಂತಲೂ ಇರಲಿ. ಕುತ್ತಿಗೆಯ ಸಾಲು ತೆಗೆದುಬಿಡಿ ಅಂತಲೂ ನಾನು ಹೇಳುತ್ತಿಲ್ಲ. 'ಹಠಾತ್ತನೆ, 40ರ ಮೇಲೆ, ತೂಕ ಇಳಿದರೆ' ಅನ್ನುವುದು ಸೇರಿಸಿ, 'ಉಳಿದವರು ಸಕ್ಕರೆ ನೋಡಿಸಿ' ಅಂತ ಹಾಕಿ. ಸೋಡಾ, ನಿಂಬೆರಸ ಹೋಗಲಿ. 10 ಜನರಿಗೆ ಕಳಿಸಿ ಅನ್ನುವುದೂ ಹೋಗಲಿ.

ಸುಧಾ: ವೀಣಾ, ನಾನು ಪ್ಯಾಕೇಜ್ ಬುಕ್ ಮಾಡಲಿಲ್ಲ. ಆದರೂ ಒಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ?

ವೀಣಾ: ಮುಟ್ಟು ಏರುಪೇರಾಗುತ್ತಿದ್ದರೆ ಪಿಸಿಓಡಿಗೆ ಅಂತ ಸ್ಕ್ಯಾನ್ ಹೇಳಬಹುದು. ಅದು ಅವಳೂ ನಾನೂ ಮಾತಾಡಿಕೊಳ್ಳುತ್ತೇವೆ ಚಿಕ್ಕಮ್ಮ, ಇಲ್ಲಿ ಬೇಡ.

ಕಾವ್ಯ: ಥ್ಯಾಂಕ್ಸ್ ಅಕ್ಕ. ಈ ಕಪ್ಪು ಹೋಗುತ್ತಾ?

ವೀಣಾ: ಇನ್ಸುಲಿನ್ ಇಳಿದರೆ ತಿಳಿಯಾಗುತ್ತದೆ. ತೂಕದಲ್ಲಿ ಸ್ವಲ್ಪ ಇಳಿದರೂ ವ್ಯತ್ಯಾಸ ಕಾಣುತ್ತದೆ, ತಿಂಗಳುಗಳು ಹಿಡಿಯುತ್ತದೆ ಅಷ್ಟೇ. ಬೆಳ್ಳಗಾಗುವ ಕ್ರೀಮ್‌ಗೆ ದುಡ್ಡು ಹಾಕಬೇಡ.

ರಘು: ಹಳೆಯದು ಎಲ್ಲಾ ಕಡೆ ಡಿಲೀಟ್ ಮಾಡಿದೆ. ವೀಣಾ ಹೇಳಿದ್ದನ್ನು ಬರೆದು ಪೆನ್ಷನರ್ಸ್ ಗುಂಪಿಗೆ ಹಾಕಿದ್ದೇನೆ, ಆ ಸಾಲು ಇದ್ದ ಹಾಗೇ ಇದೆ. ಅಡ್ಮಿನ್ ಆಗಲೇ ಫೋನ್ ಮಾಡಿದ್ದ. ನಮ್ಮ ಹುಡುಗಿ ಚರ್ಮದ ಡಾಕ್ಟರ್, ಬೇಕಾದರೆ ಅವಳನ್ನೇ ಕೇಳು ಅಂದೆ.

ವೀಣಾ: ನಂಬರ್ ಕೊಟ್ಟಿಲ್ಲ ತಾನೇ ಮಾವ?

ರಘು: ಒಬ್ಬರಿಗೆ ಮಾತ್ರ.

ಮಂಜು: ಸಂಜೆಯೊಳಗೆ 200 ಕುತ್ತಿಗೆ ಫೋಟೊ ಬರುತ್ತೆ ಅಕ್ಕ

ಕಾವ್ಯ: ಅಕ್ಕ, ನಾಳೆ ರಕ್ತ ಕೊಡಲು ಕಾಫಿ ಕುಡಿದು ಹೋಗಬಹುದಾ?

ವೀಣಾ: ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಒಂದೇ ಆದರೆ ಕುಡಿಯಬಹುದು. ಫಾಸ್ಟಿಂಗ್ ಸಕ್ಕರೆಯೂ ಬರೆದಿದ್ದೇನೆ, ಖಾಲಿ ಹೊಟ್ಟೆಯಲ್ಲಿ ಹೋಗು. ಮಾವ, ನಿಮ್ಮದು ಕೊನೆಯ ಸಲ ನೋಡಿಸಿದ್ದು ಯಾವಾಗ?