ಸಹಾಯ ಬೇಕು: ಜಿಗಿಯೋ ಯೋಧನ ಪೋಸ್, ಕಪ್ಪು ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಬಟ್ಟೆ ಮಡಿಕೆ ಸಿಗ್ತಿಲ್ಲ

ಬಿಡಿಸ್ತಿರೋ ಫ್ಯಾಂಟಸಿ ಚಿತ್ರಕ್ಕೆ, ನೋಡ್ಕೊಂಡು ಬರೆಯೋಕೆ ರೆಫರೆನ್ಸ್ ಫೋಟೊ ತೆಗೀಬೇಕು. ಜಾಗ ಮಡಿಕೇರಿ ಹತ್ರದ ಕಾಫಿ ತೋಟ. ಪಾತ್ರ: ಕುಪ್ಯ ಹಾಕಿ, ಕೆಂಪು ಚೇಲೆ (ಸೊಂಟಪಟ್ಟಿ) ಬಿಗಿದು, ಒಡಿಕತ್ತಿ (ಕೊಡವರ ಅಗಲ ಬಾಗುಕತ್ತಿ) ಎತ್ತಿ ಬಂಡೆಯಿಂದ ಜಿಗಿಯೋ ಯೋಧ. (ಕತ್ತಿ ರಟ್ಟಿನದು, ಗಾಬರಿ ಬೇಡ.)

ಕ್ಯಾಮೆರಾ ಮಂಡಿ ಎತ್ತರದಲ್ಲಿ, 50 ಎಂಎಂ ಲೆನ್ಸ್, ಮಾಡೆಲ್‌ನಿಂದ 12 ಅಡಿ ದೂರ. ಮೊಬೈಲ್ ವೈಡ್ ಲೆನ್ಸಲ್ಲಿ ಹತ್ತಿರದಿಂದ ತೆಗೆದ್ರೆ ಮುಂದಿನ ಪಾದ ತಲೆಗಿಂತ ದೊಡ್ಡದಾಗತ್ತೆ, ಅಳತೆಗೆ ನಂಬೋಕಾಗಲ್ಲ. ಜಿಗಿತ ಮಸುಕಾಗದೆ ಸಿಗೋಕೆ ಶಟರ್ 1/1000 ಸೆಕೆಂಡ್ ಬೇಕು. ಮರದ ನೆರಳಲ್ಲಿ ಅಷ್ಟಿಟ್ರೆ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯೋ ಸೂಕ್ಷ್ಮತೆ) 6400 ದಾಟಿ ಕುಪ್ಯದ ಮಡಿಕೆಯೆಲ್ಲ ಒಂದೇ ಕಪ್ಪಾಗಿ ಕಲಸಿಹೋಗತ್ತೆ. ಬಯಲಿಗೆ ಬಂದ್ರೆ ನೆತ್ತಿ ಬಿಸಿಲಿಗೆ ನೆರಳು ಬಿದ್ದು ಮಾಡೆಲ್‌ನ ಕಣ್ಣೇ ಕಾಣಲ್ಲ. ಸ್ಟೂಲ್ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ, ಕುಪ್ಯದ ಅಂಚನ್ನ ತಂಗೂಸಿಯಿಂದ ಎಳೆದು ಕಟ್ಟಿಯೂ ನೋಡಾಯ್ತು. ಮಡಿಕೆ ಚೆಂದ ಬಂತು, ಆದ್ರೆ ಭಾರವೆಲ್ಲ ನಿಂತ ಕಾಲಿನ ಕಡೆ ಸೊಂಟಕ್ಕೆ ಬಿದ್ದು, ಮೈ ಗಾಳಿಯಲ್ಲಿರೋ ಹಾಗೆ ಕಾಣ್ತಿಲ್ಲ.

ಕೈಲಿರೋದು ಒಂದೇ ಸ್ಪೀಡ್‌ಲೈಟ್ (ಕ್ಯಾಮೆರಾ ಫ್ಲ್ಯಾಶ್). ನೆರಳಲ್ಲೇ ಶಟರ್ 1/200 ಇಟ್ಟು, ಫ್ಲ್ಯಾಶ್ 1/16 ಪವರಲ್ಲಿ ಹೊಡೆದು, ಆ ಕ್ಷಣದ ಮಿಂಚಲ್ಲೇ ಮಸುಕಾಗದಂತೆ ನಿಜವಾದ ಜಿಗಿತವನ್ನೇ ಹಿಡಿಯೋದಾ? ಹಾಗಾದ್ರೆ ಕಪ್ಪು ಬಟ್ಟೆಯ ಮಡಿಕೆಗೆ ಫ್ಲ್ಯಾಶ್ ಪಕ್ಕದಿಂದ ಬರಬೇಕಾ, ಹಿಂದಿನಿಂದಲಾ? ಇಲ್ಲಾ, ಮೈ ಬೇರೆ ಬಟ್ಟೆ ಬೇರೆ ತೆಗೆದು ಚಿತ್ರದಲ್ಲಿ ಸೇರಿಸೋದೇ ವಾಸಿನಾ?