ಪದಚರ್ಚೆ: ಅಬ್ಬಿಯ ಬಂಡೆಗೆ ಅಂಟಿಕೊಂಡಿರುವ ಈ ಬಸವನಹುಳುವಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಹೆಸರು ಬೇಕಾಗಿದೆ.

ಪಶ್ಚಿಮ ಘಟ್ಟದ ಅಬ್ಬಿಗಳಲ್ಲಿ, ಅಂದರೆ ಜಲಪಾತಗಳಲ್ಲಿ, ಹನಿ ಸಿಡಿದು ಒದ್ದೆಯಾಗಿರುವ ಕಡಿದಾದ ಬಂಡೆಗಳ ಮೇಲೆ, ಕಡಲೆಕಾಳಿನಷ್ಟು ಪುಟ್ಟ ಬಸವನಹುಳು ಬದುಕುತ್ತದೆ. ವಿಜ್ಞಾನಿಗಳು ಕ್ರೆಮ್ನೋಕಾಂಕಸ್ ಎನ್ನುತ್ತಾರೆ. ಇದರ ನೆಂಟರೆಲ್ಲ ಇರುವುದು ಕಡಲ ದಂಡೆಯ ಬಂಡೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ. ಆ ಇಡೀ ಕುಟುಂಬದಲ್ಲಿ ಸಿಹಿನೀರಿಗೆ ಬಂದು ನೆಲೆಸಿದ್ದು ಇದೊಂದೇ ಬಳಗ, ಅದೂ ನಮ್ಮ ಘಟ್ಟದಲ್ಲಿ! 2013ರಲ್ಲಿ ಹೊಸದಾಗಿ ವಿವರಿಸಿದ ಜಾತಿಗಳಲ್ಲಿ ಒಂದಕ್ಕೆ ಆಗುಂಬೆಯ ಹೆಸರೇ ಇದೆ, ಕ್ರೆಮ್ನೋಕಾಂಕಸ್ ಅಗುಂಬೆನ್ಸಿಸ್. ಲ್ಯಾಟಿನ್ನಿಗೆ ನಮ್ಮ ಊರು ಸೇರಿತು. ಆದರೆ ಊರವರ ಬಾಯಲ್ಲಿ ಇದಕ್ಕೆ ಏನನ್ನುತ್ತಾರೆ?

ಸುಮ್ನೆ 'ಬಸವನಹುಳು' ಅಂದರೆ ಸಾಲದಾ ಎಂದು ಕೇಳಬಹುದು. ಆ ಪದ ನನಗೂ ಇಷ್ಟ. ಎರಡು ಕೊಂಬು ಚಾಚಿ ನಿಧಾನಕ್ಕೆ ಸಾಗುವುದನ್ನು ನೋಡಿ ಬಸವನನ್ನು ನೆನೆದವರು ಯಾರೋ, ಎಷ್ಟು ಚೆನ್ನಾಗಿ ನೋಡಿದ್ದಾರೆ! ಆದರೆ ಕೇಳಿದ ಕೂಡಲೇ ಕಣ್ಣ ಮುಂದೆ ಬರುವುದು ಮಳೆ ಬಿದ್ದಾಗ ಹಿತ್ತಿಲ ಗೋಡೆ ಏರುವ ಹುಳು, ಅಲ್ವಾ? 'ಶಂಖದ ಹುಳು' ಅಂತೂ ಬೇಡ. ಅಡಿಕೆ ತೋಟಕ್ಕೆ ನುಗ್ಗುವ ಆಫ್ರಿಕಾದ ದೊಡ್ಡ ಹುಳುವನ್ನು ರೈತರು ಹಾಗೇ ಕರೆಯುತ್ತಾರೆ. ಬಂಡೆಯ ಪಾಚಿ ಕೆರೆದು ತಿನ್ನುವ ಈ ಪಾಪದ ಜೀವಕ್ಕೆ ಆ ಹೆಸರು ಅಂಟಿದರೆ, ಕಂಡಲ್ಲಿ ಉಪ್ಪು ಸುರಿದಾರು ಎಂಬ ಭಯ ನನಗೆ. ತುಳುವಿನ 'ನರ್ತೆ' ಗದ್ದೆ, ತೋಡುಗಳಲ್ಲಿ ಹೆಕ್ಕಿ ಅಡುಗೆ ಮಾಡುವ ಹುಳು. ಅದು ಬೇರೆಯೇ.

ಗ್ರೀಕಿನ ಮೂಲದಲ್ಲಿ ಕ್ರೆಮ್ನೋಸ್ ಎಂದರೆ ಕಡಿದಾದ ಬಂಡೆ, ಪ್ರಪಾತ, ಕಾಂಕಸ್ ಚಿಪ್ಪು. ಹಾಗಾಗಿ 'ದರೆಚಿಪ್ಪು' ಎಂದು ಮೊದಲು ಯೋಚಿಸಿದೆ. ಆದರೆ ಮಲೆನಾಡಿನಲ್ಲಿ ದರೆ ಎಂದರೆ ಮಣ್ಣಿನ ಕಡಿದಾದ ಬದಿ. ಇದು ಮಣ್ಣಿನಲ್ಲಿ ಇರುವುದಲ್ಲ, ನೀರು ಹಾಯುವ ಕಲ್ಲನ್ನು ಬಿಟ್ಟು ಇದಕ್ಕೆ ಬೇರೆ ಜಾಗವಿಲ್ಲ. ಆಮೇಲೆ ಹೊಳೆದಿದ್ದು 'ಅಬ್ಬಿಬಸವ'. ಆಗುಂಬೆಯ ಹತ್ತಿರ ಒನಕೆ ಅಬ್ಬಿ ಇದೆ, ಮಡಿಕೇರಿಯಲ್ಲೂ ಅಬ್ಬಿ ಇದೆ, ಪದ ಹೊಸದೇನಲ್ಲ.

ಒಂದು ಅನುಮಾನ ಉಳಿದಿದೆ. ಕೆಲವು ಕಡೆ 'ಅಬ್ಬಿ ನೀರು' ಅಂದರೆ ಗುಡ್ಡದ ಒರತೆಯಿಂದ ದಂಬೆ ಹಾಕಿ ಮನೆಗೆ ಇಳಿಸಿಕೊಂಡ ನೀರು. ನಿಮ್ಮ ಕಡೆ ಅಬ್ಬಿ ಎಂದರೆ ಧುಮುಕುವ ನೀರೋ, ಮನೆಗೆ ಬರುವ ನೀರೋ? ಘಟ್ಟದ ಊರುಗಳವರು ಈ ಹುಳುವಿಗೆ ಹಳೆಯ ಹೆಸರೇನಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ಅದು ಸಿಕ್ಕರೆ ನನ್ನ ಪದವನ್ನು ಖುಷಿಯಿಂದ ಕೈಬಿಡುತ್ತೇನೆ.