ಹಳೆಯ ಪೆಂಟಿಯಮ್‌ನಲ್ಲಿ ಮೇಲ್ ಸರ್ವರ್: ಯಾವ ಪ್ಯಾಕೇಜ್ ಹಾಕಲಿ?

ಬದಿಯಡ್ಕದಿಂದ ಕೇಳಿದ್ದು:
ನಮ್ಮ ವಾಚನಾಲಯಕ್ಕೆ ಯಾರೋ ಕೊಟ್ಟ ಪೆಂಟಿಯಮ್ 4 ಇದೆ. 1 ಜಿಬಿ ರ‍್ಯಾಮ್. ನಮ್ಮದೇ ಡೊಮೇನ್‌ನಲ್ಲಿ ಕಮಿಟಿಯ ಹತ್ತು ಜನಕ್ಕೆ ಮೇಲ್ ವಿಳಾಸ ಮಾಡಿಕೊಡಬೇಕು ಅಂತ ನನ್ನ ಮೇಲೆ ಹಾಕಿದ್ದಾರೆ. ಹೊಸ ಉಬುಂಟು ಬೂಟೇ ಆಗುವುದಿಲ್ಲ. ಹಳೆಯ ಮೆಷಿನ್‌ಗೆ ಹಳೆಯ ಪ್ಯಾಕೇಜ್ ಸಾಕಾ? ಎಲ್ಲಿ ಸಿಗುತ್ತದೆ? ಶಾಲೆಯ ಲ್ಯಾಬಿನಿಂದಾಗಿ ಲಿನಕ್ಸ್ ಅಭ್ಯಾಸ ಇದೆ, ಮೇಲ್ ಸರ್ವರ್ ಮಾತ್ರ ಹೊಸತು.

ಕುಂಬಳೆಯಿಂದ:
ಹಳೆಯ ಪ್ಯಾಕೇಜ್ ಬೇಡ ಮಾಷ್ಟ್ರೇ. ಡೆಬಿಯನ್ ಎಂಬ ಲಿನಕ್ಸ್‌ನ ಆರ್ಕೈವ್‌ನಲ್ಲಿ ಸಿಗುತ್ತದೆ, ಇನ್‌ಸ್ಟಾಲ್ ಕೂಡ ಆಗುತ್ತದೆ. ಆದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. 2011ರ ಡೆಬಿಯನ್ 6ರಲ್ಲಿದ್ದ ಓಪನ್‌ಎಸ್‌ಎಸ್‌ಎಲ್‌ಗೆ (ಸಂಪರ್ಕವನ್ನು ಗುಪ್ತವಾಗಿಡುವ ಸಾಫ್ಟ್‌ವೇರ್) ಈಗ ಬೇಕಾದ ಟಿಎಲ್‌ಎಸ್ 1.2 ಎಂಬ ಸುರಕ್ಷತಾ ಕ್ರಮ ಬರುವುದೇ ಇಲ್ಲ. ಈಗಿನ ಫೋನ್‌ನ ಮೇಲ್ ಆ್ಯಪ್ ಅದನ್ನು ಹತ್ತಿರ ಸೇರಿಸುವುದಿಲ್ಲ. ನೀವು ಹುಡುಕಬೇಕಾದ್ದು 32 ಬಿಟ್ ಪ್ರೊಸೆಸರ್‌ಗೆ ಹೊಸ ಪ್ಯಾಕೇಜ್ ಕೊಡುವ ಡಿಸ್ಟ್ರೋ, ಅಂದರೆ ಉಬುಂಟುವಿನ ಹಾಗೆ ಸಿದ್ಧವಾಗಿ ಸಿಗುವ ಲಿನಕ್ಸ್.

ಅದಕ್ಕೂ ಮೊದಲು ಪ್ರೊಸೆಸರ್ ನೋಡಿ. ಯಾವುದಾದರೂ 32 ಬಿಟ್ ಲಿನಕ್ಸ್ ಬೂಟ್ ಮಾಡಿ, ಸಿಪಿಯು ಮಾಹಿತಿಯ ಫ್ಲ್ಯಾಗ್‌ಗಳಲ್ಲಿ 'ಎಲ್‌ಎಂ' (lm) ಇದೆಯಾ ನೋಡಿ. ಇದ್ದರೆ ಅದು 64 ಬಿಟ್. ಪೆಂಟಿಯಮ್ 4ರ ಕೊನೆಕೊನೆಯ ಮಾಡೆಲ್‌ಗಳಲ್ಲಿ ಇರುತ್ತದೆ. ಮೊದಲು ವಿಂಡೋಸ್ ಎಕ್ಸ್‌ಪಿ ಓಡುತ್ತಿತ್ತು ಅಂದ ಮಾತ್ರಕ್ಕೆ 32 ಬಿಟ್ ಅಂತ ತೀರ್ಮಾನ ಮಾಡಬೇಡಿ.

'ಎಲ್‌ಎಂ' ಇಲ್ಲದಿದ್ದರೆ ಆಯ್ಕೆ ಕಡಿಮೆ. ಉಬುಂಟು 2019ರಲ್ಲೇ 32 ಬಿಟ್ ಬಿಟ್ಟಿತು. 2025ರ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರ್ ಇಲ್ಲ. ಉಳಿದವುಗಳಲ್ಲಿ ನೋಡಬಹುದಾದ್ದು ಡೆಬಿಯನ್ 12, ಇಲ್ಲವೇ ಆಲ್ಪೈನ್ ಎಂಬ ಇನ್ನೊಂದು ಡಿಸ್ಟ್ರೋ. ನಾನು ಆಲ್ಪೈನ್ ಹಾಕುತ್ತೇನೆ: ಚಿಕ್ಕದು, ಸುಮ್ನೆ ಏನೂ ಜೊತೆಗೆ ಬರುವುದಿಲ್ಲ, 32 ಬಿಟ್ ಪ್ಯಾಕೇಜ್ ಹೊಸದಾಗಿ ಸಿಗುತ್ತದೆ. ಅದರ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸಿ ಪಡೆಯುವುದಕ್ಕೆ) ಮತ್ತು ಡವ್‌ಕಾಟ್ (ಬಂದ ಮೇಲ್ ಇಟ್ಟು ಫೋನ್‌ಗೆ ತೋರಿಸುವುದಕ್ಕೆ). ಹತ್ತು ಜನಕ್ಕೆ 1 ಜಿಬಿ ಧಾರಾಳ.

ಎಲ್ಲ ಒಟ್ಟಿಗೆ ಬರುವ ರೆಡಿಮೇಡ್ ಸೆಟ್‌ಗಳ ಕಡೆ ಹೋಗಬೇಡಿ. ಅಂಥದ್ದೊಂದು ಸೆಟ್ ಆದ ಮೇಲ್‌ಕೌಗೆ 6 ಜಿಬಿ ರ‍್ಯಾಮ್ ಬೇಕು, 32 ಬಿಟ್‌ನಲ್ಲಿ ಓಡುವುದೂ ಇಲ್ಲ. ವೈರಸ್ ಹುಡುಕುವ ಕ್ಲಾಮ್‌ಎವಿ ತನ್ನ ವೈರಸ್ ಪಟ್ಟಿ ತೆರೆಯುವಷ್ಟರಲ್ಲೇ ನಿಮ್ಮ 1 ಜಿಬಿ ಮುಗಿದಿರುತ್ತದೆ. ಸ್ಪಾಮ್ ತಡೆಯಲು ಪೋಸ್ಟ್‌ಫಿಕ್ಸ್‌ನದೇ ಪೋಸ್ಟ್‌ಸ್ಕ್ರೀನ್ ಸಾಕು.

ನೀರ್ಚಾಲಿನಿಂದ:
ಲಿನಕ್ಸ್ ಅಲ್ಲದ, ಆದರೆ ಅದರ ಹಾಗೇ ಇರುವ ಓಪನ್‌ಬಿಎಸ್‌ಡಿಯನ್ನೂ ನೋಡಿ. 32 ಬಿಟ್‌ನಲ್ಲಿ ಓಡುತ್ತದೆ, ಓಪನ್‌ಎಸ್‌ಎಂಟಿಪಿಡಿ ಎಂಬ ಮೇಲ್ ಸರ್ವರ್ ಜೊತೆಗೇ ಬರುತ್ತದೆ. ಸೆಟ್ಟಿಂಗ್ ಫೈಲ್ ಒಂದು ಪುಟ ದಾಟುವುದಿಲ್ಲ.

ಮುಳ್ಳೇರಿಯದಿಂದ:
ಪ್ಯಾಕೇಜ್ ಸರಿ ಮಾರಾಯ್ರೆ, ಹೊರಗೆ ಹೋಗುವ ಮೇಲ್ ಏನು ಮಾಡುತ್ತೀರಿ? ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸರ್ವರ್‌ಗಳು ಮೇಲ್ ಸಾಗಿಸುವ ಪೋರ್ಟ್ 25 ಸಾಮಾನ್ಯವಾಗಿ ಮುಚ್ಚಿರುತ್ತದೆ. ಐಪಿಗೆ ನಿಮ್ಮ ಹೆಸರಿನ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಡೊಮೇನ್ ಹೆಸರು ಹೇಳುವ ದಾಖಲೆ) ಇರುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರಿಗೆಲ್ಲ ಮೇಲ್ ಆ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ, ರಿವರ್ಸ್ ಡಿಎನ್‌ಎಸ್ಸೂ ಬೇಕು. ನೇರ ಕಳಿಸಿದರೆ ತಲುಪುವುದು ಕಷ್ಟ.

ನಮ್ಮ ಸೊಸೈಟಿಯಲ್ಲಿ ಹೀಗೆ ಮಾಡಿದ್ದೇವೆ. ಡೊಮೇನ್ ಕೊಟ್ಟ ಕಂಪನಿಯಲ್ಲಿ ಅದರ ಜೊತೆ ಸಿಗುವ ಮೇಲ್‌ಬಾಕ್ಸ್‌ಗೆ ಬಂದದ್ದನ್ನು ಫೆಚ್‌ಮೇಲ್ ಎಂಬ ಪ್ರೋಗ್ರಾಂ ಎಳೆದು ತಂದು ಡವ್‌ಕಾಟ್‌ಗೆ ಹಾಕುತ್ತದೆ. ಹೋಗುವುದನ್ನು ಪೋಸ್ಟ್‌ಫಿಕ್ಸ್‌ನ ರಿಲೇಹೋಸ್ಟ್ ಸೆಟ್ಟಿಂಗ್‌ನಲ್ಲಿ ಅದೇ ಕಂಪನಿಯ ಸರ್ವರ್‌ಗೆ ಪೋರ್ಟ್ 587ರಲ್ಲಿ ಒಪ್ಪಿಸುತ್ತೇವೆ. ತುಲಾ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತು ಇಟ್ಟರೂ ಬಂದ ಮೇಲ್ ಆ ಕಂಪನಿಯ ಮೇಲ್‌ಬಾಕ್ಸ್‌ನಲ್ಲೇ ಕಾಯುತ್ತಿರುತ್ತದೆ.

ಪೆರ್ಲದಿಂದ:
ಮದರ್‌ಬೋರ್ಡ್‌ನ ಬಟನ್ ಸೆಲ್ ಮೊದಲು ಬದಲಿಸಿ, ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲಿ ಕರೆಂಟ್ ಹೋಗಿ ಬಂದಾಗ ಗಡಿಯಾರ 2004ಕ್ಕೆ ಹೋಗಿತ್ತು. ಫೆಚ್‌ಮೇಲ್ ಲಾಗ್‌ನಲ್ಲಿ ಸರ್ಟಿಫಿಕೇಟ್ 'ಇನ್ನೂ ಚಾಲ್ತಿಗೆ ಬಂದಿಲ್ಲ' ಎಂಬ ಸಾಲು ಮಾತ್ರ. ಪಾಸ್‌ವರ್ಡ್, ಫೈರ್‌ವಾಲ್ ಎಲ್ಲ ತಡಕಿದ ಮೇಲೆ ತಾರೀಕು ಕಂಡಿತು. ಟೈಮ್ ಸಿಂಕ್ ಮಾಡುವ ಕ್ರೋನಿ ಕೂಡ ಹಾಕಿಡಿ. ಮೇಲ್‌ಗಳು ಮೇಲ್‌ಡಿರ್ ರೂಪದಲ್ಲಿರಲಿ. ಒಂದು ಮೇಲ್‌ಗೆ ಒಂದು ಫೈಲ್, ಫೈಲ್ ನಕಲು ಮಾಡುವ ಆರ್‌ಸಿಂಕ್‌ನಿಂದ ಪೆನ್‌ಡ್ರೈವ್‌ಗೆ ಬ್ಯಾಕಪ್ ಸುಲಭ. ಆ ಕಾಲದ ಹಾರ್ಡ್ ಡಿಸ್ಕ್ ಯಾವಾಗ ಕೈ ಕೊಡುತ್ತದೋ ಹೇಳಲಾಗದು.

ಮಂಜೇಶ್ವರದಿಂದ:
ಒಂದು ಲೆಕ್ಕ ಹಾಕಿ. ಆ ಮೆಷಿನ್ 100 ವ್ಯಾಟ್ ಎಳೆದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಬಿಲ್ ಕಟ್ಟುವುದು ವಾಚನಾಲಯವೇ ಅಲ್ವಾ? ಕಲಿಯಲಿಕ್ಕೆ ಪೆಂಟಿಯಮ್ ಇಟ್ಟುಕೊಳ್ಳಿ. ಕಮಿಟಿ ಒಪ್ಪಿದರೆ ಸೆಕೆಂಡ್ ಹ್ಯಾಂಡ್ 64 ಬಿಟ್ ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ಸ್ಕ್ರೀನ್ ಒಡೆದಿದ್ದರೂ ತೊಂದರೆ ಇಲ್ಲ. ಇದೇ ಸೆಟ್ಟಿಂಗ್ ಫೈಲ್‌ಗಳನ್ನು ಅದಕ್ಕೆ ಸಾಗಿಸಬಹುದು.